ಕೆಂದೆತ್ತು, ಬಿಳಿಯೆತ್ತು ಮತ್ತು ಮೋಟಾರಿನ ಬಣ್ಣ

ಆಳಂದ ತಾಲೂಕಿನ ನಮ್ಮ ಮಟಕಿಯಲ್ಲಿ ಕಾರಹುಣ್ಣಿಮೆಯ ಸಂಜೆಯನ್ನು ಕಂಡವರಿಗೆ ಬಣ್ಣದ ಮಹಿಮೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ವರ್ಷವೆಲ್ಲ ಎರೆಮಣ್ಣು ಮೆತ್ತಿಕೊಂಡು ದುಡಿದ ಎತ್ತುಗಳಿಗೆ ಅಂದು ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟಿ, ಬೆನ್ನ ಮೇಲೆ ಜೂಲು ಹೊದಿಸುತ್ತಾರೆ. ಕರಿ ಹರಿಯುವ ಹೊತ್ತಿಗೆ ಅವುಗಳನ್ನು ಓಡಿಸುತ್ತಾರೆ. ಕೆಂದೆತ್ತು ಮುಂದಾದರೆ ಮುಂಗಾರು ಬೆಳೆ ಚೆನ್ನ, ಬಿಳಿಯೆತ್ತು ಮುಂದಾದರೆ ಹಿಂಗಾರಿನ ಬಿಳಿಜೋಳ ಚೆನ್ನ ಎಂಬುದು ನಮ್ಮ ಕಡೆಯ ಹಿರಿಯರ ನಂಬಿಕೆ. ಓಟ ಒಂದು ಗಳಿಗೆಯದು. ಆದರೆ ಮೊದಲು ಬಂದ ಬಣ್ಣ ಇಡೀ ವರ್ಷದ ಮಾತಾಗುತ್ತದೆ.

ಇದೆಲ್ಲ ನೆನಪಾದದ್ದು ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗನಿಂದ. ಇಬ್ಬರೇ ಕೂಡಬಹುದಾದ, ನೆಲಕ್ಕೆ ಒತ್ತಿಕೊಂಡಂತೆ ಓಡುವ ಒಂದು ಸ್ಪೋರ್ಟ್ಸ್ ಕಾರನ್ನು ಕೊಳ್ಳಬೇಕೆಂದು ಅವನ ಬಹುದಿನದ ಆಸೆ. ದುಡ್ಡು ಕೂಡಿತು, ಮನಸ್ಸು ಮಾತ್ರ ಕೂಡಲಿಲ್ಲ. “ಮಾಮಾ, ಹಳದಿ ತೊಗೊಳ್ಲಾ, ಬೂದಿಬಣ್ಣ ತೊಗೊಳ್ಲಾ? ನೀವೇ ಹೇಳ್ರಿ” ಎಂದು ಫೋನು ಮಾಡಿದ. ಹಳಗನ್ನಡ ಕಲಿಸಿ ನಿವೃತ್ತನಾದವನನ್ನು ಕೇಳುವ ಪ್ರಶ್ನೆ ಇದಲ್ಲವೆಂದು ನಕ್ಕೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ವಾಹನಕ್ಕೆ ಬಣ್ಣ ಆರಿಸುವಾಗ ಮನುಷ್ಯ ಒಮ್ಮೆ ಧೀರನೂ ಒಮ್ಮೆ ಅಂಜುಬುರುಕನೂ ಆಗುವುದೇಕೆ?

ಮೊದಲಿಗೆ ನಮ್ಮ ಪಕ್ಕದ ಹೈದರಾಬಾದಿನ ಕಡೆ ನೋಡೋಣ. 1948ರವರೆಗೂ ಮಟಕಿ ನಿಜಾಮರ ಸೀಮೆಗೇ ಸೇರಿತ್ತು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿಖಾನ್ 1911ರಲ್ಲಿ ತನಗಾಗಿ ಒಂದು ರೋಲ್ಸ್ ರಾಯ್ಸ್ ಮಾಡಿಸಲು ಹೇಳಿದ. ಗಾಡಿ ಬರುವ ಮುನ್ನವೇ, ಅದೇ ವರ್ಷ, ಆತ ತೀರಿಕೊಂಡ. ಒಳಗೆ ಸಿಂಹಾಸನದಂಥ ಆಸನವುಳ್ಳ ಆ ಕಾರು ಮಗ ಉಸ್ಮಾನ್ ಅಲಿಖಾನನ ಪಾಲಿಗೆ ಬಂದಿತು. ಇಂದು ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ಅದನ್ನು ನೋಡಬಹುದು. ಅದರ ಬಣ್ಣ ಕಣ್ಣು ಕುಕ್ಕುವ ಹಳದಿ. ಇಂಥ ಬಣ್ಣ ಒಬ್ಬ ದೊರೆಯ ಹುಚ್ಚೆಂದು ತಿಳಿಯುವವರುಂಟು. ಆದರೆ ಆಸಫ್‌ಜಾಹಿ ಮನೆತನದ ಧ್ವಜವೂ ಹಳದಿಯೇ ಆಗಿತ್ತು. ಅದು ವ್ಯಕ್ತಿಯ ಧೈರ್ಯವಲ್ಲ, ಮನೆತನದ ಘೋಷಣೆ. ಮಿತವ್ಯಯಕ್ಕೆ ಹೆಸರಾದ ಮಗ ಆ ಗಾಡಿಯನ್ನು ಮೆರವಣಿಗೆಗಳಿಗಷ್ಟೇ ಮೀಸಲಿಟ್ಟ.

ಪಾಶ್ಚಾತ್ಯ ಓಟದ ಕಾರುಗಳ ಕಥೆಯೂ ಬೇರೆಯಲ್ಲ. ಕಳೆದ ಶತಮಾನದ ಆರಂಭದ ಗಾರ್ಡನ್ ಬೆನೆಟ್ ಕಪ್ ಪಂದ್ಯಗಳ ಕಾಲಕ್ಕೆ ದೇಶಕ್ಕೊಂದು ಬಣ್ಣ ಗೊತ್ತುಮಾಡುವ ರೂಢಿ ಬೆಳೆಯಿತು. ಫ್ರಾನ್ಸಿಗೆ ನೀಲಿ, ಜರ್ಮನಿಗೆ ಬಿಳಿ, ಬ್ರಿಟನ್ನಿಗೆ ಹಸಿರು. ಮುಂದೆ ಇಟಲಿಗೆ ಕೆಂಪು. ಜರ್ಮನಿಯ ಬಿಳಿ 1934ರ ಸುಮಾರಿಗೆ ಬೆಳ್ಳಿಯ ಬಣ್ಣಕ್ಕೆ ತಿರುಗಿತು. ಇಟಲಿಯ ಫೆರಾರಿಯೆಂದರೆ ಕೆಂಪು ಎಂಬ ಭಾವನೆ ಲೋಕದಲ್ಲಿ ನಿಂತದ್ದು ಹೀಗೆ. 1964ರಲ್ಲಿ ತನ್ನ ದೇಶದ ಅಧಿಕಾರಿಗಳೊಡನೆ ಮನಸ್ತಾಪವಾಗಿ, ಆ ಸಂಸ್ಥೆ ವರ್ಷದ ಕೊನೆಯ ಎರಡು ಪಂದ್ಯಗಳಿಗೆ ಕೆಂಪನ್ನು ಬಿಟ್ಟು ನೀಲಿ-ಬಿಳಿಯ ಕಾರುಗಳನ್ನಿಳಿಸಿತು. ಬಣ್ಣ ಬಿಡುವುದೆಂದರೆ ದೇಶವನ್ನೇ ದೂರವಿಟ್ಟಂತೆ! 1968ರಿಂದ ಜಾಹೀರಾತಿನ ಬಣ್ಣಗಳು ಓಟದ ಕಣಕ್ಕೆ ನುಗ್ಗಿ ಆ ರೂಢಿಯನ್ನು ಸಡಿಲಿಸಿದವು. ಹೀಗೆ ನೋಡಿದರೆ, ಇಂದು ಕೆಂಪು ಫೆರಾರಿ ಕೊಳ್ಳುವ ಸಿರಿವಂತ ಸಾಹಸಿಯಂತೆ ತೋರಿದರೂ ನಿಜಕ್ಕೂ ಸಂಪ್ರದಾಯಸ್ಥನೇ. ಎಲ್ಲರೂ ನಿರೀಕ್ಷಿಸಿದ ಬಣ್ಣವನ್ನೇ ಅವನು ಆರಿಸಿರುತ್ತಾನೆ.

ಇನ್ನು ಸಾಧಾರಣ ಜನರ ಗಾಡಿಗಳು. ಅಮೆರಿಕದ ಫೋರ್ಡ್ ಕಾರ್ಖಾನೆ ತನ್ನ ಹೆಸರಾಂತ ಟಿ ಮಾದರಿಯನ್ನು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲೇ ಮಾರಿತು. ಕಪ್ಪು ಅಗ್ಗದ್ದು, ಬಾಳಿಕೆಯದು. ದಿನಕ್ಕೆ ಸಾವಿರಾರು ಗಾಡಿಗಳು ಹೊರಬೀಳುವಲ್ಲಿ ಬಗೆಬಗೆಯ ಬಣ್ಣಗಳಿಗೆ ಬಿಡುವೆಲ್ಲಿ? ಹಳೆಯ ಎಣ್ಣೆಬಣ್ಣ, ವಾರ್ನೀಸುಗಳನ್ನು ಪದರಪದರವಾಗಿ ಬಳಿದು ಒಣಗಿಸಲು ವಾರಗಟ್ಟಲೆ ಕಾಯಬೇಕಾಗುತ್ತಿತ್ತು. 1920ರ ದಶಕದ ನಡುವೆ ಬೇಗ ಒಣಗುವ ಡ್ಯೂಕೋ ಬಣ್ಣ ಬಂದಮೇಲೆ ಸಾಮಾನ್ಯನ ಗಾಡಿಗೂ ನೀಲಿ, ಹಸಿರುಗಳು ಸುಲಭವಾದವು. ಅಂದರೆ ಒಂದು ಕಾಲಕ್ಕೆ ಬಣ್ಣವನ್ನು ಆರಿಸುತ್ತಿದ್ದವನು ಕೊಳ್ಳುವವನಲ್ಲ, ಕಾರ್ಖಾನೆಯ ಗಡಿಯಾರ. ನೂರು ವರ್ಷದಿಂದೀಚೆಗೆ ಆ ಕಟ್ಟು ಕಳಚಿದೆ. ಆದರೂ ನಮ್ಮ ರಸ್ತೆಗಳಲ್ಲಿ ಬಿಳಿ, ಬೂದಿ, ಕಪ್ಪುಗಳೇ ಏಕೆ ತುಂಬಿವೆ?

ಕಲಬುರಗಿಯ ಬಿಸಿಲಿಗೆ ಬಿಳಿ ತಂಪೆಂಬುದು ನಿಜ. ನಮ್ಮ ದಾರಿಗಳ ಧೂಳು ಕಪ್ಪು ಗಾಡಿಯ ಮೇಲೆ ಎದ್ದು ಕಾಣುವುದೂ ನಿಜ. ಅಂಬಾಸಡರ್ ಕಾರು 2014ರಲ್ಲಿ ನಿಂತುಹೋದರೂ, ಅಧಿಕಾರಿಗಳ ಆ ಬಿಳಿಗಾಡಿ ಬಿಳುಪಿಗೆ ತಂದುಕೊಟ್ಟ ಗೌರವ ಇನ್ನೂ ಕರಗಿಲ್ಲ. ಆದರೆ ಇವೆಲ್ಲಕ್ಕಿಂತ ಬಲವಾದ ಕಾರಣ ಇನ್ನೊಂದಿದೆ. ಅದನ್ನು ನಾನು ಪುಸ್ತಕದಿಂದ ತಿಳಿದದ್ದಲ್ಲ.

1998ರಲ್ಲಿ ನಾನು ಮೊದಲ ಕಾರು ಕೊಂಡಾಗ, ನನ್ನ ಹೆಂಡತಿ ಅಂಗಡಿಯ ಬಣ್ಣದ ಪಟ್ಟಿಯಲ್ಲಿ ಒಂದು ಕಿತ್ತಳೆಗೆಂಪನ್ನು ಬೆರಳಿಟ್ಟು ತೋರಿಸಿದಳು. “ನೋಡ್ರಿ, ನಮ್ಮ ಹೊಲದಾಗಿನ ಕುಸುಬಿ ಹೂವಿನಂಗ ಅದ” ಎಂದಳು. ನಾನು ಬಿಳಿಯನ್ನೇ ಬರೆಸಿದೆ. “ನಾಳೆ ಮಾರುವಾಗ ಯಾರು ಕೊಳ್ಳುತ್ತಾರೆ?” ಎಂದೆ. ಅವಳು ಮಾತು ಬೆಳೆಸಲಿಲ್ಲ. ಹದಿನಾಲ್ಕು ವರ್ಷ ಆ ಕಾರಿನಲ್ಲಿ ಓಡಾಡಿದೆವು. ಮಕ್ಕಳನ್ನು ಶಾಲೆಗೆ, ತಾಯಿಯನ್ನು ಆಸ್ಪತ್ರೆಗೆ ಒಯ್ದೆವು. ಜಾತ್ರೆಗೂ ಮದುವೆಗೂ ಹೋದೆವು. ಕೊನೆಗೆ ಕೊಳ್ಳುವವನು ಬಂದ. ಎಂಜಿನ್ನಿನ ಸದ್ದು ಕೇಳಿದ, ಟೈರು ತಟ್ಟಿದ, ಕಾಗದ ನೋಡಿದ, ದುಡ್ಡೆಣಿಸಿದ. ಬಣ್ಣದ ಮಾತನ್ನೇ ಎತ್ತಲಿಲ್ಲ. ಯಾರಿಗಾಗಿ ನಾನು ಹದಿನಾಲ್ಕು ವರ್ಷ ಕುಸುಬಿ ಹೂವನ್ನು ದೂರವಿಟ್ಟಿದ್ದೆನೋ, ಅವನಿಗೆ ಅದು ಬೇಕೇ ಇರಲಿಲ್ಲ.

ದೊರೆ ಮನೆತನಕ್ಕಾಗಿ, ಓಟಗಾರ ದೇಶಕ್ಕಾಗಿ ಬಣ್ಣ ಆರಿಸಿದರು. ನಾವು ಮುಂದೆಂದೋ ಬರುವ, ಹೆಸರು ತಿಳಿಯದ ಗಿರಾಕಿಗಾಗಿ ಆರಿಸುತ್ತೇವೆ. ನಮ್ಮ ಸೌಮ್ಯ ಬಣ್ಣಗಳಲ್ಲಿ ವಿನಯವೂ ಇರಬಹುದು, ಬಿಸಿಲಿನ ವಿವೇಕವೂ ಇರಬಹುದು. ಆದರೆ ಬಹುಪಾಲು ಇರುವುದು ಆ ಗಿರಾಕಿಯ ಅಂಜಿಕೆ. ಹೀಗೆ ಕೊಂಡ ವಸ್ತುವಿಗೆ ನಾವು ಒಡೆಯರಾಗುವುದಿಲ್ಲ, ಕಾವಲುಗಾರರಾಗುತ್ತೇವೆ. ಮಟಕಿಯ ರೈತನೂ ಎತ್ತನ್ನು ಸಂತೆಯಲ್ಲಿ ಮಾರುತ್ತಾನೆ. ಬೆಲೆಯ ಲೆಕ್ಕ ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು. ಆದರೂ ಕಾರಹುಣ್ಣಿಮೆಯಂದು ಕೋಡಿಗೆ ಬಣ್ಣ ಬಳಿಯುವಾಗ ಅವನು ಸಂತೆಯನ್ನು ನೆನೆಯುವುದಿಲ್ಲ. ಅಂದು ಎತ್ತು ಅವನದು, ಹಬ್ಬವೂ ಅವನದು.

ತಂಗಿಯ ಮಗನಿಗೆ ನಾನು ಇಂಥದೇ ಬಣ್ಣ ತೆಗೆದುಕೊ ಎಂದು ಹೇಳಲಿಲ್ಲ. “ಬೂದಿಬಣ್ಣ ನಿನಗೆ ಸೇರಿದರೆ ಸಂತೋಷದಿಂದ ಕೊಳ್ಳಪ್ಪಾ, ಮಾರಾಟಕ್ಕೆ ಅಂಜಿ ಮಾತ್ರ ಕೊಳ್ಳಬೇಡ” ಎಂದೆ. ಅಡುಗೆಮನೆಯಿಂದ ಇದನ್ನು ಕೇಳಿಸಿಕೊಂಡ ನನ್ನ ಹೆಂಡತಿ, “ಈ ಬುದ್ಧಿ ಅವತ್ತ ಎಲ್ಲಿ ಹೋಗಿತ್ತ್ರಿ?” ಎಂದಳು. ಉತ್ತರ ಕೊಡಲು ನನ್ನಲ್ಲಿ ಮಾತಿರಲಿಲ್ಲ.