ಮನೆಯಲ್ಲಿ ಮೊದಲು ಏಳುವವಳು

ಮಗಳಿಗೆ ಏಳು ತಿಂಗಳಾಗಿದ್ದಾಗ, 2000ನೇ ಇಸವಿಯ ಜೂನ್‌ನಲ್ಲಿ, ನಾನು ಬೆಂಗಳೂರಿನ ನನ್ನ ಕಚೇರಿಗೆ ಮರಳಿದೆ. ಮೇಜು ಅದೇ, ಕಿಟಕಿ ಅದೇ, ಕಿಟಕಿಯಾಚೆಯ ಹೊಂಗೆ ಮರವೂ ಅದೇ. ಕೆಲಸ ಮಾತ್ರ ಬದಲಾಗಿತ್ತು. "ನಿಮಗೀಗ ಐದೂವರೆಗೆಲ್ಲ ಹೊರಡಬೇಕಾಗುತ್ತಲ್ಲ, ಪ್ರೋಗ್ರಾಮಿಂಗ್ ಬೇಡ ಬಿಡಿ. ಡಾಕ್ಯುಮೆಂಟೇಶನ್ ನೋಡಿಕೊಳ್ಳಿ, ಆರಾಮಾಗಿರುತ್ತೆ" ಎಂದರು ಮೇಲಿನವರು. ದಯೆಯಿಂದಲೇ ಅಂದರು. ದಯೆಯಿಂದ ಅಂದದ್ದಕ್ಕೇ ನನಗೆ ಎದುರು ಮಾತು ಹೊರಡಲಿಲ್ಲ. ಸಂಜೆ ಬಸ್ಸಿನಲ್ಲಿ ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಕೋಡ್ ಬರೆಯುವವರು ಅಡುಗೆ ಮಾಡುವವರು, ಅದರ ವಿವರ ಬರೆಯುವವರು ಎಲೆ ಎತ್ತುವವರು ಎಂಬ ಭಾವನೆ ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಇತ್ತು. ನಿಜ ಹೇಳಬೇಕೆಂದರೆ, ನನಗೂ ಇತ್ತು.

ಕೆಲಸವೇನೆಂದು ಮೊದಲು ಹೇಳಿಬಿಡುತ್ತೇನೆ. ಕಂಪ್ಯೂಟರ್ ಪರದೆಯ ಮೇಲೆ ನೀವು ಕಾಣುವ ಕಿಟಕಿಗಳು, ಗುಂಡಿಗಳು, ಮೆನುಗಳನ್ನು ಪ್ರತಿಯೊಬ್ಬ ಪ್ರೋಗ್ರಾಮರ್ ಹೊಸದಾಗಿ ಕಟ್ಟುವುದಿಲ್ಲ. ಯಾರೋ ಮೊದಲೇ ಮಾಡಿಟ್ಟ ಸಲಕರಣೆ ಪೆಟ್ಟಿಗೆಯಿಂದ ತೆಗೆದು ಜೋಡಿಸುತ್ತಾರೆ. ಅದಕ್ಕೆ ಟೂಲ್‌ಕಿಟ್ ಎನ್ನುತ್ತಾರೆ. ಅದರೊಳಗೆ ಒಂದೊಂದು ಬಗೆಯ ವಸ್ತುವಿಗೂ ಒಂದೊಂದು 'ಕ್ಲಾಸ್' ಇರುತ್ತದೆ: ಗುಂಡಿಗೆ ಒಂದು, ಕಿಟಕಿಗೆ ಒಂದು, ಮೆನುವಿಗೆ ಒಂದು. ಇವೆಲ್ಲಕ್ಕೂ ಮೇಲೆ 'ಅಪ್ಲಿಕೇಶನ್' ಎಂಬ ಇನ್ನೊಂದು ಕ್ಲಾಸ್ ಇರುತ್ತದೆ. ಪರದೆಯ ಮೇಲೆ ಅದು ಎಲ್ಲೂ ಕಾಣುವುದಿಲ್ಲ. ಆದರೆ ಎಲ್ಲರಿಗಿಂತ ಮೊದಲು ಏಳುವುದು ಅದೇ. ಅಕ್ಷರ ಯಾವ ಗಾತ್ರ, ಬಣ್ಣ ಯಾವುದು, ಯಾವ ಭಾಷೆ ಎಂದು ವಿಚಾರಿಸಿಕೊಂಡು ಸಿದ್ಧತೆ ಮಾಡುತ್ತದೆ. ಆಮೇಲೆ ಕುಳಿತು ಕಾಯುತ್ತದೆ. ಕೀಲಿ ಒತ್ತಿದ್ದು, ಮೌಸ್ ಆಡಿಸಿದ್ದು ಯಾರಿಗೆ ಸೇರಬೇಕೋ ಅವರಿಗೆ ಕರೆದು ಹೇಳುತ್ತದೆ. ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಮಲಗುವುದೂ ಅದೇ. ಒಂದು ಪ್ರೋಗ್ರಾಮಿನಲ್ಲಿ ಇಂಥದು ಒಂದೇ ಇರಬೇಕು. ಓದುತ್ತಿರುವ ನಿಮಗೆ ಮನೆಯಲ್ಲಿ ಯಾರದೋ ನೆನಪಾದರೆ ತಪ್ಪಲ್ಲ, ನನಗೂ ಆಗಿತ್ತು.

ನಮ್ಮ ಕಂಪನಿಯದೇ ಒಂದು ಟೂಲ್‌ಕಿಟ್ ಇತ್ತು. ಅದರ ಅಪ್ಲಿಕೇಶನ್ ಕ್ಲಾಸಿಗೆ ನೂರಕ್ಕೂ ಹೆಚ್ಚು ಕೆಲಸಗಳು. ನಾನು ಮುನಿಸಿನಲ್ಲೇ ಕುಳಿತು, ಎಲ್ಲವನ್ನೂ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿ, ಪ್ರತಿಯೊಂದರ ಕೆಳಗೆ ನಾಲ್ಕು ಸಾಲು ಬರೆದು ಮೂರು ವಾರದಲ್ಲಿ ಮುಗಿಸಿಬಿಟ್ಟೆ. ಮೊದಲ ಪುಟದ ಮೊದಲ ಕೆಲಸ 'ಬೀಪ್', ಅಂದರೆ ಗಂಟೆಯ ಸದ್ದು ಮಾಡುವುದು. ಇಡೀ ಪ್ರೋಗ್ರಾಂ ಅನ್ನು ನಡೆಸುವ 'ರನ್' ಇದ್ದದ್ದು ಕೊನೆಯ ಪುಟಗಳಲ್ಲಿ. "ಈ ವಸ್ತುವನ್ನು ಎಲ್ಲಕ್ಕಿಂತ ಮೊದಲು ನಿರ್ಮಿಸಬೇಕು" ಎಂಬ ಎಚ್ಚರಿಕೆ ಹನ್ನೊಂದನೆಯ ಪುಟದಲ್ಲಿತ್ತು. ಒಂದಕ್ಷರ ತಪ್ಪಿರಲಿಲ್ಲ. ನನಗೇ ಹೆಮ್ಮೆಯಾಗಿತ್ತು.

ಎರಡು ತಿಂಗಳ ನಂತರ ಪುಣೆಯಿಂದ ನಮ್ಮ ಗ್ರಾಹಕರ ಕಡೆಯ ಹುಡುಗಿಯೊಬ್ಬಳು ಫೋನ್ ಮಾಡಿದಳು. ಅವಳ ಪ್ರೋಗ್ರಾಂ ಶುರುವಾಗುತ್ತಲೇ ಬಿದ್ದುಹೋಗುತ್ತಿತ್ತಂತೆ, ಒಂದು ಸುಳಿವನ್ನೂ ಕೊಡದೆ. ಎರಡು ರಾತ್ರಿ ಕಚೇರಿಯಲ್ಲೇ ಕಳೆದಿದ್ದಳು. ಅವಳು ಮಾಡಿದ ತಪ್ಪು ಇಷ್ಟೇ: ಕಿಟಕಿಯನ್ನು ಮೊದಲು ಕಟ್ಟಿ, ಅಪ್ಲಿಕೇಶನ್ನನ್ನು ಆಮೇಲೆ ಕಟ್ಟಿದ್ದಳು. "ಹನ್ನೊಂದನೇ ಪುಟದಲ್ಲಿದೆಯಲ್ಲ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ನಂತರ, "ಮೇಡಂ, ಹನ್ನೊಂದನೇ ಪುಟ ನೋಡಬೇಕೆಂದು ನನಗೆ ಹೇಗೆ ಗೊತ್ತಾಗಬೇಕು?" ಎಂದಳು. ಕೋಪದಿಂದ ಕೇಳಿದ್ದಲ್ಲ. ಅವಳಿಗೆ ನಿಜಕ್ಕೂ ಗೊತ್ತಾಗಬೇಕಿತ್ತು.

ಉತ್ತರ ನನ್ನಲ್ಲಿರಲಿಲ್ಲ. ಅಕ್ಷರಮಾಲೆಯ ಕ್ರಮ ಹೆಸರು ಗೊತ್ತಿರುವವರಿಗೆ ಮಾತ್ರ ಉಪಯೋಗ. ಏನು ಹುಡುಕಬೇಕೆಂದೇ ತಿಳಿಯದವಳಿಗೆ ಅದು ಬೀಗ ಹಾಕಿದ ಉಗ್ರಾಣ. ಬೇರೆಯವರು ಇದನ್ನು ಹೇಗೆ ಮಾಡಿದ್ದಾರೆಂದು ನೋಡಲು ಆ ದಿನದಿಂದ ಹಳೆಯ ಕೈಪಿಡಿಗಳನ್ನು ತರಿಸಿ ಓದತೊಡಗಿದೆ. ಎಲೆ ಎತ್ತುವವರೆಂದು ನಾನು ಹೀಗಳೆದವರ ಇತಿಹಾಸ ನನಗೆ ಸಿಕ್ಕಿದ್ದು ಹಾಗೆ.

ಶುರುವಿನಲ್ಲೇ ಒಬ್ಬ ಹೆಣ್ಣುಮಗಳು ಎದುರಾದಳು. ಅಮೆರಿಕದ ಹಾರ್ವರ್ಡ್‌ನಲ್ಲಿದ್ದ ಮಾರ್ಕ್ ಒನ್ ಎಂಬ ಬೃಹತ್ ಗಣಕಯಂತ್ರಕ್ಕೆ ಕೈಪಿಡಿ ಬರೆಯಲು, ನೌಕಾಪಡೆಯಿಂದ ಬಂದಿದ್ದ ಗಣಿತಜ್ಞೆ ಗ್ರೇಸ್ ಹಾಪರ್‌ಗೆ ಅದರ ನಿರ್ಮಾತೃ ಹೊವರ್ಡ್ ಐಕೆನ್ ಹೇಳಿದರು. ತನಗೆ ಪುಸ್ತಕ ಬರೆಯಲು ಬಾರದೆಂದು ಆಕೆ ಅಂದರೂ ಅವರು ಬಿಡಲಿಲ್ಲ. 1946ರಲ್ಲಿ ಹೊರಬಂದ ಆ ಕೈಪಿಡಿ ಐನೂರು ಪುಟಗಳಿಗೂ ಮಿಕ್ಕಿದ್ದು. ಮುಂದೆ ಹೆಸರಾದ ಎಷ್ಟೋ ಕೆಲಸಗಳಿಗೆ ಮೊದಲು ಆಕೆ ಮಾಡಿದ್ದು ಈ ಕೆಲಸ, ಅದೂ ಆಜ್ಞೆಯ ಮೇಲೆ. ಓದಿದಾಗ ನನ್ನ ಬಸ್ಸಿನ ಅಳು ನೆನಪಾಗಿ ನಾಚಿಕೆಯಾಯಿತು.

ಆಮೇಲಿನದು ಬೆಲ್ ಪ್ರಯೋಗಾಲಯದ ಯೂನಿಕ್ಸ್ ಕೈಪಿಡಿ. ಅದರ ಮೊದಲ ಆವೃತ್ತಿಯ ದಿನಾಂಕ 1971ರ ನವೆಂಬರ್ 3. ಕೆನ್ ಥಾಮ್ಸನ್ ಮತ್ತು ಡೆನ್ನಿಸ್ ರಿಚ್ಚಿ ಬರೆದದ್ದು. ಇಡೀ ಕೈಪಿಡಿಯನ್ನು ಏಳು ಭಾಗ ಮಾಡಿ, ಪ್ರತಿ ಭಾಗದೊಳಗೆ ಅಕ್ಷರಮಾಲೆಯ ಕ್ರಮ ಇಟ್ಟರು. ಪ್ರತಿ ಪುಟಕ್ಕೂ ಒಂದೇ ಅಚ್ಚು: ಹೆಸರು, ಬಳಸುವ ಬಗೆ, ವಿವರಣೆ, ಇದನ್ನೂ ನೋಡಿ, 'ದೋಷಗಳು', ಹೀಗೆ. ತಾವು ಮಾಡಿದ್ದರಲ್ಲಿ ಏನು ಸರಿಯಿಲ್ಲವೆಂದು ತಾವೇ ಬರೆದಿಡುವ ಆ 'ದೋಷಗಳು' ತಲೆಬರಹ ನನಗೆ ಬಹಳ ಹಿಡಿಸಿತು. ನಮ್ಮ ಕಚೇರಿಯಲ್ಲಿ ಅಂಥದೊಂದು ತಲೆಬರಹ ಹಾಕಿದ್ದರೆ ನನ್ನನ್ನು ಒಳಕ್ಕೆ ಕರೆದು ಮಾತಾಡುತ್ತಿದ್ದರು.

ಗುಂಪು ಮಾಡುವ ಪದ್ಧತಿಯನ್ನು ನಾನು ಮೊದಲು ಕಂಡದ್ದು ಸ್ಮಾಲ್‌ಟಾಕ್‌ನಲ್ಲಿ. ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ ಈ ಭಾಷೆಯ ಬಗ್ಗೆ ಅಡೆಲ್ ಗೋಲ್ಡ್‌ಬರ್ಗ್ ಅವರು ಡೇವಿಡ್ ರಾಬ್ಸನ್ ಜೊತೆಗೂಡಿ ಬರೆದ ಪುಸ್ತಕ 1983ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಂದು ಕ್ಲಾಸಿನ ಕೆಲಸಗಳನ್ನು ಉದ್ದೇಶದ ಪ್ರಕಾರ ಕಂತೆ ಕಟ್ಟಿದ್ದಾರೆ: ಪರೀಕ್ಷಿಸುವವು ಒಂದು ಕಡೆ, ಸೇರಿಸುವವು ಒಂದು ಕಡೆ, ತೆಗೆಯುವವು ಇನ್ನೊಂದು ಕಡೆ. ಹೆಸರು ಗೊತ್ತಿಲ್ಲದವಳೂ ತನಗೇನು ಬೇಕೆಂದು ಹೇಳಬಲ್ಲಳಷ್ಟೆ? ಅಲ್ಲಿಂದ ಅವಳಿಗೆ ದಾರಿ ಸಿಗುತ್ತದೆ.

ಇನ್ನೊಬ್ಬರು ಕ್ಯಾರೊಲಿನ್ ರೋಸ್. ಆಪಲ್ ಕಂಪನಿಯ ಮ್ಯಾಕಿಂತಾಷ್ ತಯಾರಾಗುತ್ತಿದ್ದಾಗ ಅದರ ಪ್ರೋಗ್ರಾಮರುಗಳಿಗಾಗಿ 'ಇನ್‌ಸೈಡ್ ಮ್ಯಾಕಿಂತಾಷ್' ಕೈಪಿಡಿಯನ್ನು ಬರೆದು ರೂಪಿಸಿದವರಲ್ಲಿ ಮುಖ್ಯರಾದವರು. 1985ರಲ್ಲಿ ಅದು ಪುಸ್ತಕವಾಗಿ ಬಂತು. ಆಕೆಯ ಬಗ್ಗೆ ಆ ತಂಡದ ಆಂಡಿ ಹರ್ಟ್ಸ್‌ಫೆಲ್ಡ್ ನೆನೆದುಕೊಂಡಿರುವುದು ಸೊಗಸಾಗಿದೆ. ಆಕೆ ಅರ್ಥವಾಗುವ ತನಕ ಪ್ರಶ್ನೆ ಕೇಳುವುದನ್ನು ಬಿಡುತ್ತಿರಲಿಲ್ಲ. ಆಕೆಗೆ ವಿವರಿಸಲು ಕಷ್ಟವಾಯಿತೆಂದರೆ ತಾವು ಮಾಡಿದ್ದರಲ್ಲೇ ಏನೋ ಸೊಟ್ಟಗಿದೆ ಎಂದು ಪ್ರೋಗ್ರಾಮರುಗಳಿಗೆ ತಿಳಿಯುತ್ತಿತ್ತು, ಹೋಗಿ ತಿದ್ದುತ್ತಿದ್ದರು. ಕೈಪಿಡಿ ಬರೆಯುವವಳು ಕೊನೆಗೆ ಬಂದು ಎಲೆ ಎತ್ತುವವಳಲ್ಲ, ಒಲೆಯ ಪಕ್ಕದಲ್ಲೇ ನಿಂತು ಉಪ್ಪು ನೋಡುವವಳು.

ಮುಂದೆ ಸ್ಟೀವ್ ಜಾಬ್ಸ್ ಕಟ್ಟಿದ ನೆಕ್ಸ್ಟ್ ಕಂಪನಿಯ ಕೈಪಿಡಿಗಳಲ್ಲಿ ಎರಡು ಪದ್ಧತಿಗಳೂ ಕೂಡಿಕೊಂಡವು. ಅಲ್ಲೂ ಒಂದು ಅಪ್ಲಿಕೇಶನ್ ಕ್ಲಾಸ್ ಇತ್ತು. ಮೊದಲಿಗೆ ಕ್ಲಾಸ್ ಏನು ಮಾಡುತ್ತದೆಂಬ ವಿವರಣೆ, ಆಮೇಲೆ ಕೆಲಸಗಳ ಗುಂಪುಪಟ್ಟಿ, ಕೊನೆಗೆ ಅಕ್ಷರಮಾಲೆಯಲ್ಲಿ ಒಂದೊಂದರ ಪೂರ್ತಿ ವಿವರ. 1995ರಲ್ಲಿ ಸನ್ ಕಂಪನಿಯ ಲಿಸಾ ಫ್ರೆಂಡ್ಲಿ ಜಾವಾ ಭಾಷೆಯ ದಾಖಲೆಗಳ ವಿನ್ಯಾಸದ ಬಗ್ಗೆ ಒಂದು ಪ್ರಬಂಧ ಬರೆದರು. ಪ್ರೋಗ್ರಾಮಿನ ಒಳಗೇ ಬರೆದ ಟಿಪ್ಪಣಿಗಳಿಂದ ಪುಟಗಳು ತಾವಾಗಿ ಸಿದ್ಧವಾಗಿ, ಒಂದರಿಂದೊಂದಕ್ಕೆ ಕೊಂಡಿ ಹಾಕಿಕೊಳ್ಳುವ ಏರ್ಪಾಡು ಅದು. ಡಬ್ಬದ ಮೇಲೆಯೇ ಚೀಟಿ ಅಂಟಿಸಿದ ಹಾಗೆ. ಒಳಗಿನದು ಬದಲಾದಾಗ ಚೀಟಿ ಕಣ್ಣೆದುರಿಗೇ ಇರುತ್ತದೆ, ಬದಲಿಸಲು ಮರೆಯುವುದು ಕಡಿಮೆ.

ನನ್ನ ಕಣ್ಣು ತೆರೆಸಿದ ಪುಟ ಮಾತ್ರ ನಾರ್ವೆ ದೇಶದ್ದು. ಅಲ್ಲಿಯ ಟ್ರೊಂಡ್‌ಹೈಮ್ ಊರಿನಲ್ಲಿ ಓದಿದ ಹೋವಾರ್ಡ್ ನೂರ್ಡ್ ಮತ್ತು ಐರಿಕ್ ಷಾಂಬೆ-ಎಂಗ್ ಎಂಬ ಗೆಳೆಯರು 1990ರ ಬೇಸಿಗೆಯಲ್ಲಿ ಅಲ್ಟ್ರಾಸೌಂಡ್ ಚಿತ್ರಗಳಿಗಾಗಿ ಪ್ರೋಗ್ರಾಂ ಬರೆಯುತ್ತಿದ್ದರು. ಒಂದು ಬಿಸಿಲಿನ ದಿನ ಉದ್ಯಾನದ ಬೆಂಚಿನ ಮೇಲೆ ಕುಳಿತು ಮಾತಾಡುವಾಗ, ತಮ್ಮದೇ ಟೂಲ್‌ಕಿಟ್ ಬೇಕೆಂಬ ಯೋಚನೆ ಮೊಳೆಯಿತು. 1994ರಲ್ಲಿ ಕಂಪನಿ ಕಟ್ಟಿದರು. ಕೈಯಲ್ಲಿ ಹಣವಿರಲಿಲ್ಲ, ಗ್ರಾಹಕರಿರಲಿಲ್ಲ, ಸಾಮಾನು ಪೂರ್ತಿಯಾಗಿರಲಿಲ್ಲ. ಇಬ್ಬರ ಹೆಂಡತಿಯರಿಗೂ ಉದ್ಯೋಗವಿತ್ತು, ಆ ಸಂಬಳಗಳಲ್ಲಿ ಮನೆ ನಡೆಯಿತು. 1995ರ ಮೇ ತಿಂಗಳಲ್ಲಿ ಟೂಲ್‌ಕಿಟ್ ಜನರ ಕೈಗೆ ಬಂತು. ಅದರ ಹೆಸರಿಗೆ ಇಂಗ್ಲಿಷಿನ ಕ್ಯೂ ಅಕ್ಷರ ಆರಿಸಿದ್ದು, ನೂರ್ಡ್ ಅವರ ಪರದೆಯ ಅಚ್ಚಿನಲ್ಲಿ ಅದು ಚೆಂದ ಕಾಣುತ್ತಿತ್ತೆಂದು. ಪಕ್ಕಕ್ಕೊಂದು ಟೀ ಸೇರಿಸಿ 'ಕ್ಯೂಟ್' ಎಂದು ಕರೆದರು.

ಅದರ 'ಕ್ಯೂ-ಅಪ್ಲಿಕೇಶನ್' ಪುಟ ತೆರೆದು ನೋಡಿದೆ. ಮೊದಲಿಗೇ ಹೇಳುತ್ತದೆ: ಕಿಟಕಿ ಇರಲಿ, ಇಲ್ಲದಿರಲಿ, ಹತ್ತಿರಲಿ, ಈ ವಸ್ತು ಒಂದೇ. ನಂತರ ಅದರ ಮುಖ್ಯ ಜವಾಬ್ದಾರಿಗಳು ಒಂದೊಂದಾಗಿ ಬರುತ್ತವೆ. ಅದರ ಬೆನ್ನಿಗೇ, ಇದು ಇಷ್ಟೊಂದು ಸಿದ್ಧತೆ ಮಾಡುವುದರಿಂದ ಪರದೆಗೆ ಸಂಬಂಧಿಸಿದ ಬೇರೆ ಏನನ್ನೂ ಕಟ್ಟುವ ಮೊದಲು ಇದನ್ನು ಕಟ್ಟಲೇಬೇಕೆಂಬ ಮಾತು. ನಾನು ಹನ್ನೊಂದನೆಯ ಪುಟದಲ್ಲಿ ಹೂತಿಟ್ಟದ್ದು ಅಲ್ಲಿ ಹೊಸಿಲಲ್ಲೇ ನಿಂತಿತ್ತು. ಅದಾದ ಮೇಲೆ ಒಂದು ಕೋಷ್ಟಕ: ವ್ಯವಸ್ಥೆಯ ಆಯ್ಕೆಗಳು, ಘಟನೆಗಳನ್ನು ಹಂಚುವುದು, ತೋರಿಕೆಯ ಶೈಲಿ, ಪಠ್ಯ ಮತ್ತು ಅನುವಾದ, ಕಿಟಕಿಗಳ ಲೆಕ್ಕ, ಮೌಸ್ ಬಾಣದ ಕೆಲಸಗಳು, ಹೀಗೆ. ಎಲ್ಲೂ ಸೇರದವಕ್ಕೆ ಕೊನೆಯಲ್ಲಿ 'ಇತರೆ'. ಗಂಟೆಯ ಸದ್ದು ಯಾರ ಕಣ್ಣಿಗೂ ಅಡ್ಡ ಬರುವಂತಿರಲಿಲ್ಲ.

ನಾನು ನನ್ನ ಪುಟಗಳನ್ನು ಕಿತ್ತು ಹಾಕಿದೆ. ನೂರು ಚೀಟಿ ಕತ್ತರಿಸಿ, ಒಂದೊಂದರ ಮೇಲೆ ಒಂದೊಂದು ಕೆಲಸ ಬರೆದು, ಭಾನುವಾರ ಮಗಳು ಮಲಗಿದಾಗ ನೆಲದ ಮೇಲೆ ಹರಡಿ ಗುಂಪು ಮಾಡಿದೆ. ಆಗಲೇ ತಿಳಿದದ್ದು, ಒಂದೇ ಕೆಲಸಕ್ಕೆ ಎರಡು ಹೆಸರಿನ ಎರಡು ಚೀಟಿಗಳಿವೆ ಎಂದು. ಇನ್ನು ಮೂರು ಯಾವ ಗುಂಪಿಗೂ ಸೇರಲೊಲ್ಲವು. ಸೋಮವಾರ ಪ್ರೋಗ್ರಾಮರುಗಳ ಬಳಿ ಹೋಗಿ, ಇವು ಇಲ್ಲೇಕಿವೆ ಎಂದು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ. ಮುಂದಿನ ಆವೃತ್ತಿಯಲ್ಲಿ ಆ ಮೂರನ್ನೂ ತೆಗೆದರು. ಕ್ಯಾರೊಲಿನ್ ರೋಸ್‌ಗೆ ಏನಾಗಿತ್ತೆಂದು ಅಂದು ನನಗೆ ಅರ್ಥವಾಯಿತು. ಅಕ್ಷರಮಾಲೆಯಲ್ಲಿ ಜೋಡಿಸಲು ಏನೂ ತಿಳಿಯಬೇಕಾಗಿಲ್ಲ. ಗುಂಪು ಮಾಡಬೇಕಾದರೆ ತಿಳಿದಿರಲೇಬೇಕು.

ಹೊಸ ಪುಟ ಹೋದ ಮೇಲೆ ಪುಣೆಯ ಹುಡುಗಿಯಿಂದ ಇ-ಮೇಲ್ ಬಂತು. "ಈಗ ಮೊದಲ ಪುಟದಲ್ಲೇ ಇದೆ, ಥ್ಯಾಂಕ್ಸ್" ಎಂದು ಒಂದೇ ಸಾಲು. ನನ್ನ ಹೆಸರು ಆ ಪುಟದಲ್ಲಿ ಎಲ್ಲೂ ಇರಲಿಲ್ಲ. 2002ರಲ್ಲಿ, "ಮಗು ದೊಡ್ಡದಾಯಿತಲ್ಲ, ಪ್ರೋಗ್ರಾಮಿಂಗ್‌ಗೆ ವಾಪಸ್ ಬರುತ್ತೀರಾ?" ಎಂದು ಕೇಳಿದರು. ಅದೂ ದಯೆಯ ಮಾತೇ. ಈ ಸಲ ನನ್ನ ಬಾಯಿಂದ ಮಾತು ಹೊರಟಿತು. ಬರುವುದಿಲ್ಲ ಎಂದೆ, ಸಂಬಳ ಮಾತ್ರ ಪ್ರೋಗ್ರಾಮರುಗಳಷ್ಟೇ ಆಗಬೇಕು ಎಂದೆ. ಮೂರು ತಿಂಗಳು ತಡೆದು ಒಪ್ಪಿದರು.

ಆ ಟೂಲ್‌ಕಿಟ್ ಈಗಿಲ್ಲ. ಕ್ಯೂಟ್ ಇದೆ, ಬೆಳೆದಿದೆ. 2012ರ ಡಿಸೆಂಬರ್‌ನಲ್ಲಿ ಬಂದ ಐದನೆಯ ಆವೃತ್ತಿಯಿಂದ ಆ ಒಂದು ಕ್ಲಾಸಿನ ಭಾರ ಮೂರು ಕ್ಲಾಸುಗಳಿಗೆ ಹಂಚಿಹೋಗಿದೆ. ಪರದೆಯೇ ಇಲ್ಲದ ಕೆಲಸಕ್ಕೆ ಒಂದು, ಪರದೆಗೆ ಒಂದು, ಗುಂಡಿ ಮೆನುಗಳಿಗೆ ಇನ್ನೊಂದು. ಬಳಕೆ ತಪ್ಪಿದ ಕೆಲಸಗಳನ್ನು ಅಳಿಸಿಬಿಡದೆ, ಹಳೆಯ ಪ್ರೋಗ್ರಾಂ ಇಟ್ಟುಕೊಂಡವರಿಗೆಂದು ಬೇರೊಂದು ಪುಟದಲ್ಲಿ ಇಟ್ಟಿರುತ್ತಾರೆ.

ಅಮ್ಮ ಹಾಸಿಗೆ ಹಿಡಿದ ವರ್ಷ, ಅವಳು ಮನೆಯಲ್ಲಿ ಮಾಡುತ್ತಿದ್ದ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆಯಲು ಕುಳಿತೆವು. ತಮ್ಮ ನೆನಪಾದ ಹಾಗೆ ಬರೆಯುತ್ತ ಹೋದ: ಹಾಲಿನವನ ಲೆಕ್ಕ, ತುಳಸಿಗೆ ನೀರು, ಅಪ್ಪನ ಮಾತ್ರೆ, ಉಪ್ಪಿನಕಾಯಿಯ ಜಾಡಿ. ನಾನು ಹಾಳೆ ತೆಗೆದುಕೊಂಡು ಮೇಲ್ಗಡೆ ಜಾಗ ಬಿಟ್ಟು, ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಯಾವುದು ಎಂದು ಅಮ್ಮನನ್ನೇ ಕೇಳಿದೆ. ಅವಳು ಸ್ವಲ್ಪ ಯೋಚಿಸಿ, "ನಿಮ್ಮಪ್ಪನ ಮಾತ್ರೆ. ಅದು ತಿಂಡಿಗಿಂತ ಮೊದಲು" ಎಂದಳು. ತಮ್ಮ ಅದನ್ನು ಏಳನೆಯ ಸಾಲಿನಲ್ಲಿ ಬರೆದಿದ್ದ.