ಟ್ರಾಂ ಗಾಡಿಯೂ ಅಯಸ್ಕಾಂತವೂ

ರೇಡಿಯೋ ಕೇಳುತ್ತಿರುವಾಗ ನೆರೆಮನೆಯಲ್ಲಿ ವಿದ್ಯುದ್ಯಂತವೊಂದು ತಿರುಗತೊಡಗಿದರೆ ಸಂಗೀತದ ನಡುವೆ ಚಟಚಟ ಶಬ್ದವು ನುಗ್ಗುವುದನ್ನು ಶ್ರೋತೃಗಳು ಬಲ್ಲರು. ಈ ಪೀಡೆಗೆ ಬಂಧುವಾದ ಇನ್ನೊಂದು ಪೀಡೆಯು, ರೇಡಿಯೋ ಪ್ರಸಾರವು ಹುಟ್ಟುವ ಮೊದಲೇ, ಮುಂಬಯಿಯ ವೇಧಶಾಲೆಯೊಂದರ ಅಯಸ್ಕಾಂತಗಳನ್ನು ಊರು ಬಿಡಿಸಿತು.

ಕೊಲಾಬಾದಲ್ಲಿ 1841ರಿಂದ ಭೂಮಿಯ ಕಾಂತಬಲವನ್ನು ಅಳೆಯುತ್ತಿದ್ದರು. ತೂಗುಬಿಟ್ಟ ಅಯಸ್ಕಾಂತವು ಕೂದಲೆಳೆಯಷ್ಟು ಹೊರಳಿದರೂ ಅಲ್ಲಿಯ ಉಪಕರಣಗಳು ಅದನ್ನು ತೋರಿಸುತ್ತಿದ್ದುವು. 1859ರ ಸೆಪ್ಟೆಂಬರಿನಲ್ಲಿ ಸೂರ್ಯನಿಂದುಂಟಾದ ಮಹಾಕ್ಷೋಭೆಯ ಕಾಲಕ್ಕೆ ಕ್ಷಿತಿಜಬಲವು ಸುಮಾರು 1600 ನ್ಯಾನೊಟೆಸ್ಲದಷ್ಟು, ಎಂದರೆ ನೂರಕ್ಕೆ ಸುಮಾರು ನಾಲ್ಕು ಪಾಲು, ಕುಸಿದುದು ಅಲ್ಲಿ ದಾಖಲಾಯಿತು. ಆ ಕ್ಷೋಭೆಯನ್ನು ಕುರಿತು ವಿಚಾರಿಸುವವರು ಈಗಲೂ ಆ ಲೆಕ್ಕವನ್ನೇ ತೆರೆದು ನೋಡುತ್ತಾರೆ.

ಮುಂಬಯಿಯಲ್ಲಿ 1874ರಿಂದ ಟ್ರಾಂಗಳನ್ನು ಎಳೆಯುತ್ತಿದ್ದುದು ಕುದುರೆಗಳು. ಕುದುರೆಯಿಂದ ಅಯಸ್ಕಾಂತಕ್ಕೇನು ತೊಂದರೆ? ವಿದ್ಯುತ್ತಿನ ಮಾತು ಬಂದಾಗ ಸಂಗತಿ ಬೇರೆಯಾಯಿತು. ಪ್ರವಾಹವು ಅಯಸ್ಕಾಂತವನ್ನು ಹೊರಳಿಸುವುದೆಂದು ಅರ್ಸ್ಟೆಡ್ ಪಂಡಿತನು 1820ರಲ್ಲಿಯೇ ತೋರಿಸಿದ್ದನು. ಟ್ರಾಮಿನ ಚಾಲಕನು ಕಂಟ್ರೋಲರಿನ ಹಿಡಿಯನ್ನು ತಿರುಗಿಸಿದಂತೆಲ್ಲ ಪ್ರವಾಹವು ಏರಿಳಿಯುವುದು. ಮೇಲಿನ ತಂತಿಯಿಂದ ಬಂದ ಆ ಪ್ರವಾಹವು ಹಳಿಗಳ ಮೂಲಕ ಹಿಂತಿರುಗಬೇಕು. ಹಳಿಗಳೋ ನೆಲಕ್ಕೆ ತಾಗಿರುವುವು. ಆದ್ದರಿಂದ ಒಂದಂಶವು ಮಣ್ಣಿಗೆ ಸೋರಿ, ಮನಬಂದ ದಾರಿಗಳಲ್ಲಿ ಬಹುದೂರ ಹರಿಯುವುದು. ಇದಕ್ಕೆ ಗೋಡೆಯ ಮರೆಯಾಗಲಿ ಬಾಗಿಲ ಅಗುಳಿಯಾಗಲಿ ಅಡ್ಡಬಾರದು. ಕಬ್ಬಿಣದ ಪೆಟ್ಟಿಗೆಯಲ್ಲಿ ಅಯಸ್ಕಾಂತವನ್ನು ಮುಚ್ಚಿಟ್ಟರೆ ಅಳೆಯಬೇಕಾದ ಭೂಬಲವೇ ಮರೆಯಾದೀತು!

ಹಿಂತಿರುಗುವ ಪ್ರವಾಹಕ್ಕೂ ನೆಲ ಸೋಕದ ಬೇರೆ ತಂತಿಯನ್ನು ಹಾಕಿದರೆ ಸೋರಿಕೆಯು ತಗ್ಗುವುದು. ವೆಚ್ಚವು ಮಾತ್ರ ಹೆಚ್ಚುವುದು. ಲಂಡನ್ನಿನ ಕ್ಯೂ ವೇಧಶಾಲೆಯ ಕಾಂತೋಪಕರಣಗಳು ಇದೇ ಟ್ರಾಂ ಕಾಟದಿಂದ 1908ರಲ್ಲಿ ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರಿಗೆ ಹೋದುವು. ಮುಂಬಯಿಯಲ್ಲಿಯೂ ಹಟ ಹಿಡಿದವರು ಗೆಲ್ಲುತ್ತಿದ್ದರೆಂದು ನನಗೆ ತೋರುವುದಿಲ್ಲ. ಊರಿಗೆ ಟ್ರಾಂ ಬೇಕಾಗಿತ್ತು.

ಆಗ ಕೊಲಾಬಾದ ನಿರ್ದೇಶಕರಾಗಿದ್ದವರು ನಾನಾಭಾಯಿ ಫ್ರಾಮ್‌ಜಿ ಮೂಸರು. ಆ ಪದವಿಗೇರಿದ ಮೊದಲನೆಯ ಭಾರತೀಯರು. ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರು ದೂರದ ಅಲಿಬಾಗಿನಲ್ಲಿ, ಕಾಂತಗುಣವಿಲ್ಲದ ಪೋರಬಂದರಿನ ಕಲ್ಲಿನಿಂದ, ಹೊಸ ಕಟ್ಟಡವೆದ್ದಿತು. ಆದರೆ ಸ್ಥಳ ಬದಲಾದರೆ ಅಳತೆಯೂ ಬದಲಾಗುವುದು; ಹಳೆಯ ಸರಣಿಗೂ ಹೊಸದಕ್ಕೂ ನಂಟು ಕಡಿಯುವುದು. ಅದಕ್ಕಾಗಿ 1904ರಿಂದ 1906ರವರೆಗೆ ಎರಡೆಡೆಯಲ್ಲಿಯೂ ಏಕಕಾಲದಲ್ಲಿ ಅಳೆದರು. ನನ್ನ ಮಟ್ಟಿಗೆ, ಕಟ್ಟಡಕ್ಕಿಂತಲೂ ದೊಡ್ಡ ಕೆಲಸವು ಈ ಎರಡು ವರ್ಷಗಳದು. ಅದರಿಂದ ಕೊಲಾಬಾದ ಹಳೆಯ ಲೆಕ್ಕವನ್ನು ಅಲಿಬಾಗಿನ ಲೆಕ್ಕದೊಡನೆ ಕೂಡಿಸಿ ಓದುವುದು ಸಾಧ್ಯವಾಯಿತು.

1907ರ ಮೇ ತಿಂಗಳಿನಲ್ಲಿ ಮುಂಬಯಿಯ ಬೀದಿಯಲ್ಲಿ ವಿದ್ಯುತ್ ಟ್ರಾಂ ಓಡಿತು. ಮೂಸರು 1846ರಿಂದ 1905ರವರೆಗಿನ ಕೊಲಾಬಾ ಅಳತೆಗಳನ್ನು 1910ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದರು. ಆ ಟ್ರಾಂಗಳು 1964ರಲ್ಲಿ ನಿಂತುಹೋದುವು; ಅಲಿಬಾಗಿನಲ್ಲಿ ಅಳತೆಯು ನಡೆದೇ ಇದೆ.