ಬಳಸದ ಬಟ್ಟಲಿನ ಲೆಕ್ಕ

ಗೂಗಲ್ ಅಂದರೆ ನಿಮಗೆ ಮೊಬೈಲಿನಲ್ಲಿ ಹುಡುಕೋ ಜಾಗ. ನಮಗೆ ಅದು ದೇವದುರ್ಗ ತಾಲ್ಲೂಕಿನಲ್ಲಿ ಕೃಷ್ಣಾ ನದಿ ದಂಡೆಯ ಮೇಲಿರೋ ಊರು. ನಾನು ಆ ಕಡೆಯವನು. 1948ರವರೆಗೆ ನಮ್ಮ ಸೀಮೆ ಹೈದರಾಬಾದ್ ನಿಜಾಮರ ರಾಜ್ಯದಲ್ಲಿತ್ತು. ಜಪಾನಿನ ಪಿಂಗಾಣಿ ಬಟ್ಟಲಿಗೂ ನಮ್ಮ ಜೋಳದ ಹೊಲಕ್ಕೂ ಹಳೇ ನಂಟಿದೆ ಅಂದರೆ ನಗಬೇಡಿ, ಇದೆ.

ಮೊದಲು ಬಟ್ಟಲಿನ ಕಥೆ. 1592ರಿಂದ 1598ರವರೆಗೆ ಜಪಾನ್ ಕೊರಿಯಾದ ಮೇಲೆ ಯುದ್ಧಕ್ಕೆ ಹೋಯಿತು. ವಾಪಸ್ ಬರುವಾಗ ಅಲ್ಲಿನ ಕುಂಬಾರರನ್ನು ಹಿಡಿದು ತಂದರು. ಕ್ಯುಶು ದ್ವೀಪದ ಅರಿತಾದಲ್ಲಿ ಪಿಂಗಾಣಿಗೆ ಬೇಕಾದ ಬಿಳಿ ಕಲ್ಲು ಸಿಕ್ಕಿತು. 17ನೇ ಶತಮಾನದ ಶುರುವಿನಲ್ಲಿ ಜಪಾನಿನ ಪಿಂಗಾಣಿ ಹುಟ್ಟಿದ್ದು ಹಾಗೆ. ಮುಂದೆ 1644ರಲ್ಲಿ ಚೀನಾದ ಮಿಂಗ್ ದೊರೆತನ ಬಿದ್ದು ಅಲ್ಲಿನ ಮಾಲು ನಿಂತಾಗ, ಡಚ್ಚರು ಅರಿತಾದ ಬಾಗಿಲು ತಟ್ಟಿದರು. ಇಮಾರಿ ಬಂದರಿನಿಂದ ಹೊರಟಿದ್ದಕ್ಕೆ ಆ ಮಾಲಿಗೆ ಇಮಾರಿ ಅಂತಲೇ ಹೆಸರಾಯಿತು.

ಈಗ ಹೈದರಾಬಾದಿಗೆ ಬನ್ನಿ. ಮೂರನೇ ಸಾಲಾರ್ ಜಂಗ್, ಅಂದರೆ ಮೀರ್ ಯೂಸುಫ್ ಅಲಿ ಖಾನ್, 1912ರಲ್ಲಿ ನಿಜಾಮರ ದಿವಾನರಾದರು. ಎರಡೇ ವರ್ಷಕ್ಕೆ ಆ ಕೆಲಸ ಬಿಟ್ಟು, ಉಳಿದ ಆಯುಷ್ಯವನ್ನು ವಸ್ತು ಕೂಡಿಸೋದಕ್ಕೇ ಕೊಟ್ಟರು. ಗಡಿಯಾರ, ಚಿತ್ರ, ಶಿಲ್ಪ, ಜೊತೆಗೆ ಜಪಾನಿನ ಪಿಂಗಾಣಿ. ದುಡ್ಡು ಎಲ್ಲಿಂದ? ಜಹಗೀರಿನಿಂದ. ಅವರ ಜಹಗೀರುಗಳಲ್ಲಿ ಕೊಪ್ಪಳವೂ ಒಂದು. 1997ರಲ್ಲಿ ಬೇರೆ ಜಿಲ್ಲೆಯಾಗೋವರೆಗೆ ಕೊಪ್ಪಳ ನಮ್ಮ ರಾಯಚೂರು ಜಿಲ್ಲೆಯಲ್ಲೇ ಇತ್ತು. ಅಲ್ಲಿನ ರೈತ ಕಟ್ಟಿದ ಕಂದಾಯ ಜಹಗೀರುದಾರರ ಮನೆ ಸೇರುತ್ತಿತ್ತು. ಆ ರೈತ ಉಂಡಿದ್ದು ಗಂಗಾಳದಲ್ಲಿ ರೊಟ್ಟಿ.

1949ರಲ್ಲಿ ಸಾಲಾರ್ ಜಂಗ್ ತೀರಿಕೊಂಡರು. ಮದುವೆಯಾಗಿರಲಿಲ್ಲ, ಮಕ್ಕಳಿರಲಿಲ್ಲ. ಅದೇ ವರ್ಷ ಹೈದರಾಬಾದಿನಲ್ಲಿ ಜಹಗೀರುಗಳೂ ರದ್ದಾದವು. ಇಂಥ ಮನೆಯ ಸಾಮಾನು ಸಾಮಾನ್ಯವಾಗಿ ಹರಾಜಿನಲ್ಲಿ ಹಂಚಿಹೋಗುತ್ತೆ. ಇಲ್ಲಿ ಹಾಗಾಗಲಿಲ್ಲ. 1951ರ ಡಿಸೆಂಬರಿನಲ್ಲಿ ನೆಹರು ಅದನ್ನು ಮ್ಯೂಸಿಯಂ ಆಗಿ ತೆರೆದರು. 1961ರಲ್ಲಿ ಸಂಸತ್ತು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆ ಅಂತ ಘೋಷಿಸಿತು.

ನಮ್ಮ ಹಳ್ಳಿ ಕಡೆ ಪಿಂಗಾಣಿಗೆ ಬೇರೆಯೇ ಕೆಲಸ ಇತ್ತು. ಲೋಹದ ಪಾತ್ರೆ ಎಂಜಲಾದರೆ ತಿಕ್ಕಿ ಶುದ್ಧ ಮಾಡಬಹುದು, ಮಣ್ಣಿನದಕ್ಕೆ ಆ ದಾರಿ ಇಲ್ಲ ಅಂತ ನಂಬಿಕೆ. ಹಾಗಾಗಿ ಕೆಲವು ಮನೆಗಳಲ್ಲಿ ಕಪ್ಪು-ಬಸಿ ಹೊರಗಿನ ಗೂಡಿನಲ್ಲಿ ಇರೋದು. ಹೊಲದಲ್ಲಿ ದುಡಿದು ಬಂದ ದಲಿತರಿಗೆ ಅದರಲ್ಲೇ ಚಹಾ. ಕುಡಿದವರೇ ತೊಳೆದು ಇಡಬೇಕು. "ಅದನ್ನ ಮುಟ್ಟಬ್ಯಾಡೋ ತಮ್ಮಾ" ಅನ್ನೋ ಮಾತು ಕೇಳುತ್ತಲೇ ನಾನು ಬೆಳೆದದ್ದು. ಅರಮನೆಯಲ್ಲಿ ಪಿಂಗಾಣಿ ಬಳಸದಷ್ಟು ಮೇಲು, ನಮ್ಮಲ್ಲಿ ಬಳಸದಷ್ಟು ಕೀಳು.

ಇದೆಲ್ಲ ನೆನಪಾಗಿದ್ದು ಹೋದ ತಿಂಗಳು. ಆನ್‌ಸೈಟ್ ಪ್ರಾಜೆಕ್ಟಿಗೆ ಹೋದಾಗ ಅರಿತಾದಲ್ಲಿ ಕೊಂಡ, ಕೈಯಿಂದ ಮಾಡಿದ ಆರು ಬಟ್ಟಲು ಮಾರಾಟಕ್ಕೆ ಇಟ್ಟಿದ್ದೆ. ಒಂದೊಂದಕ್ಕೂ ಮರದ ಪೆಟ್ಟಿಗೆ, ಅದರ ಮೇಲೆ ಮಾಡಿದವನ ಕೈಬರಹದ ಹೆಸರು. ಪೆಟ್ಟಿಗೆ ಇದ್ದರೆ ಬೆಲೆ ಹೆಚ್ಚು. ಬುಡದ ಬಳೆಗೆ ಮೆರುಗು ಬಳಿದಿರಲ್ಲ, ಬಳಿದರೆ ಭಟ್ಟಿಯಲ್ಲಿ ಅಂಟಿಕೊಳ್ಳುತ್ತೆ. ಅಲ್ಲಿ ಬೆರಳಾಡಿಸಿದರೆ ಮಣ್ಣಿನ ತರಿ ಗೊತ್ತಾಗುತ್ತೆ. ಕೊಳ್ಳಲು ಬಂದವರು ಅದನ್ನೆಲ್ಲ ನೋಡಲೇ ಇಲ್ಲ.

"ಸರ್, ಒಂದ್ಸಲಾನೂ ಯೂಸ್ ಮಾಡಿಲ್ಲ ಅಲ್ವಾ?"

"ಇಲ್ಲ."

"ಹಾಗಿದ್ರೆ ತಗೋತೀನಿ. ಶೋಕೇಸಿಗೆ."

ನಾಲ್ಕು ಕೊಟ್ಟೆ, ಎರಡು ಇಟ್ಟುಕೊಂಡೆ. ಅದರಲ್ಲಿ ಈಗ ಮೊಸರನ್ನ ಉಣ್ಣುತ್ತೇವೆ. ಮನೆಗೆ ಯಾರೇ ಬಂದರೂ ಅದೇ ಬಟ್ಟಲು, ತೊಳೆಯೋದು ನಾವೇ.

ನೀವು ಹೈದರಾಬಾದಿಗೆ ಹೋದರೆ ಬಿರಿಯಾನಿ ಮುಗಿಸಿ ಸಾಲಾರ್ ಜಂಗ್ ಮ್ಯೂಸಿಯಂ ನೋಡಿ ಬನ್ನಿ. ಜಪಾನ್ ವಿಭಾಗದಲ್ಲಿ ಎರಡು ನಿಮಿಷ ಹೆಚ್ಚು ನಿಲ್ಲಿ. ಮಾಡಿದ್ದು ಜಪಾನಿನ ಕುಂಬಾರ, ಕೂಡಿಸಿದ್ದು ನವಾಬ. ದುಡ್ಡಿನಲ್ಲಿ ಕೊಪ್ಪಳದ ಎರೆ ಹೊಲದ ಪಾಲೂ ಇದೆ.